ಏಸಿಗೆ ಮುನಿದ ಕೋವಿ

ನಾನು ಎಂಜಿನಿಯರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ನಾನಿದನ್ನು ಯಾರಿಗೂ ಹೇಳಿರಲಿಲ್ಲ. ಊರಿನಲ್ಲಿ ಐಟಿಐ ಫಿಟ್ಟರ್ ಕೋರ್ಸು ಮುಗಿಸಿ, ಒಂದಷ್ಟು ವರ್ಷ ನೀರಿನ ಪಂಪು ರಿಪೇರಿ ಮಾಡಿ, ಆಮೇಲೆ ಮಸ್ಕತ್ತಿನ ಘಾಲಾ ಎಂಬ ಕೈಗಾರಿಕಾ ಬಡಾವಣೆಗೆ ಬಂದವನು ನಾನು. ಬಂದ ಮೊದಲ ದಿನ ನನ್ನ ಕೈಯಲ್ಲಿದ್ದ ಸ್ಪ್ಯಾನರ್ ನೋಡಿ ನಮ್ಮ ಅರ್ಬಾಬ್, ಅಂದರೆ ಮಾಲೀಕರು, ‘ಮುಹಂದಿಸ್’ ಎಂದು ಕರೆದರು. ಅರಬಿಯಲ್ಲಿ ಹಾಗೆಂದರೆ ಎಂಜಿನಿಯರ್. ಅಲ್ಲೇ ತಿದ್ದಬೇಕಿತ್ತು. ನಾನು ಸ್ಪ್ಯಾನರನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ಘಾಲಾದ ಗ್ಯಾರೇಜುಗಳ ನಡುವೆ, ಹಿಂದೆ ಟೈಲ್ಸ್ ತುಂಬಿಡುತ್ತಿದ್ದ ಒಂದು ಗೋದಾಮನ್ನು ಅರ್ಬಾಬ್ ಏರ್‌ಸಾಫ್ಟ್ ಆಟದ ಅಂಗಣ ಮಾಡಿದ್ದರು. ಏರ್‌ಸಾಫ್ಟ್ ಕೋವಿ ನೋಡಲಿಕ್ಕೆ ಥೇಟ್ ಮಿಲಿಟರಿ ಕೋವಿ. ಒಳಗಿರುವುದು ಗಾಳಿಯ ಒತ್ತಡ, ಹೊರಗೆ ಬರುವುದು ಕಡಲೆಕಾಳಿಗಿಂತ ಚಿಕ್ಕ ಪ್ಲಾಸ್ಟಿಕ್ ಗುಂಡು. ಮುಖಕ್ಕೆ ಮುಸುಕು, ಕಣ್ಣಿಗೆ ಕನ್ನಡಕ ಕಟ್ಟಿಕೊಂಡು, ಖಾಲಿ ಡ್ರಮ್ಮುಗಳ ಹಿಂದೆ ಅಡಗಿಕೊಂಡು ಹೊಡೆದಾಡುವುದು. ವಾರವಿಡೀ ನಗರದ ಖುರುಮ್ ಬಡಾವಣೆಯ ಆಫೀಸುಗಳಲ್ಲಿ ಕೂತು ಒಬ್ಬರಿಗೊಬ್ಬರು ‘ಕೈಂಡ್ ರಿಗಾರ್ಡ್ಸ್’ ಕಳಿಸಿದ ಜನ ಗುರುವಾರ ಸಂಜೆ ಇಲ್ಲಿಗೆ ಬಂದು ಅದೇ ಸಹೋದ್ಯೋಗಿಗಳ ಬೆನ್ನಿಗೆ ಗುಂಡು ಹೊಡೆಯುತ್ತಾರೆ. ಇದಕ್ಕೆ ಟೀಮ್ ಬಿಲ್ಡಿಂಗ್ ಎಂದು ಹೆಸರು.

ಈ ಆಟಕ್ಕೆ ಒಂದು ನಿಯಮ ಉಂಟು. ಗುಂಡು ತಾಗಿದವನು ತಾನೇ ಕೈ ಎತ್ತಿ ‘ಹಿಟ್’ ಎಂದು ಕೂಗಿ ಹೊರಗೆ ನಡೆಯಬೇಕು. ಗುಂಡಿನಲ್ಲಿ ಬಣ್ಣವಿಲ್ಲ, ಅಂಗಿಯಲ್ಲಿ ಕಲೆಯಾಗುವುದಿಲ್ಲ, ಯಾವ ಯಂತ್ರವೂ ಕಿರಿಚುವುದಿಲ್ಲ. ಇಡೀ ಆಟ ನಿಂತಿರುವುದೇ ಮನುಷ್ಯನ ಪ್ರಾಮಾಣಿಕತೆಯ ಮೇಲೆ. ಆದ್ದರಿಂದಲೇ ನಾವು ಸೀಟಿ ಕೊಟ್ಟು ಒಬ್ಬ ಮಾರ್ಷಲ್‌ನನ್ನೂ ಇಟ್ಟುಕೊಂಡಿದ್ದೆವು.

ಆ ಮಾರ್ಷಲ್ ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ನನ್ನಂಥ ತುಳುವರು ಕ್ರಿಶ್ಚಿಯನ್ ಗಂಡಸರನ್ನು ‘ಪೊರ್ಬು’ ಎಂದು ಕರೆಯುವುದು ನಮ್ಮ ಕಡೆಯ ಹಳೆಯ ವಾಡಿಕೆ. ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ‘ಅಣ್ಣ’ ಎನ್ನುತ್ತಿದ್ದರು. ವಯಸ್ಸಿನಲ್ಲಿ ನಮ್ಮಿಬ್ಬರಿಗೆ ಹೆಚ್ಚೆಂದರೆ ಎರಡು ವರ್ಷದ ವ್ಯತ್ಯಾಸ, ಇಬ್ಬರ ತಲೆಗೂದಲೂ ಅಷ್ಟಕ್ಕಷ್ಟೇ. ಆದರೂ ನಾನು ಅಣ್ಣ, ಯಾಕೆಂದರೆ ಅವರನ್ನು ಕರೆಸಿದ್ದು ನಾನು. ಮೊದಲು ಒಮಾನಿನ ಒಳನಾಡಿನ ಇಬ್ರಿ ಪಟ್ಟಣದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅಂಗಡಿ ಮುಚ್ಚಿತು. ಗಂಟುಮೂಟೆ ಕಟ್ಟಿ ಊರಿಗೆ ಹೊರಟಿದ್ದವರನ್ನು ಅರ್ಬಾಬರಿಗೆ ಹೇಳಿ ಇಲ್ಲಿಗೆ ಸೇರಿಸಿದ್ದೆ.

ಗಲ್ಫಿನಲ್ಲಿ ‘ಕರೆಸಿದವನು’ ಎಂಬುದು ಒಂದು ಪದವಿ. ಅದಕ್ಕೆ ಪ್ರಮಾಣಪತ್ರ ಇಲ್ಲ, ನಿವೃತ್ತಿಯೂ ಇಲ್ಲ. ನಮ್ಮ ಊರಿನವರ ಸಂಘದ ಊಟಕ್ಕೆ ಹೋದರೆ, ಇವರು ಯಾರು ಎಂದು ಕೇಳಿದವರಿಗೆ ‘ನಾನೇ ಕರೆಸಿದ್ದು’ ಎನ್ನುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ. ಪೊರ್ಬು ಪಕ್ಕದಲ್ಲಿ ತಟ್ಟೆ ಹಿಡಿದುಕೊಂಡು ನಗುತ್ತಾ ನಿಂತಿರುತ್ತಿದ್ದರು. ಆ ನಗು ಕೃತಜ್ಞತೆಯದ್ದು ಎಂದು ನಾನು ತಿಳಿದಿದ್ದೆ.

ಪ್ರತಿ ಭಾನುವಾರ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅರ್ಬಾಬ್ ನೌಕರರ ಜೊತೆ ಆಡುತ್ತಿದ್ದರು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಗುರಿ ಮಾತ್ರ ದೇವರಿಗೇ ಪ್ರೀತಿ. ಅವರು ಬಲಕ್ಕೆ ಹೊಡೆದರೆ ಎಡಗಡೆ ನಿಂತವರು ಜಾಗ್ರತೆಯಾಗಿರಬೇಕು. ಆದರೆ ಅವರು ಹೊಡೆದಾಗಲೆಲ್ಲ ನಮ್ಮಲ್ಲಿ ಒಬ್ಬರಲ್ಲ ಒಬ್ಬರು ಕೈ ಎತ್ತಿ ‘ಹಿಟ್’ ಎನ್ನುತ್ತಿದ್ದೆವು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಅಡುಗೆಯ ಮಲಯಾಳಿ ಒಮ್ಮೆ ಗುಂಡು ಹೊರಡುವುದಕ್ಕೆ ಮೊದಲೇ ಕೈ ಎತ್ತಿಬಿಟ್ಟಿದ್ದ. ಎಲ್ಲರಿಗಿಂತ ಹೆಚ್ಚು ಸಲ ಕೈ ಎತ್ತಿದವನು ನಾನು. ಹಿರಿಯನಲ್ಲವೇ, ಮಾದರಿಯಾಗಿರಬೇಕು. ಪೊರ್ಬು ಪ್ರತಿ ಸಲ ಸೀಟಿ ಊದಿ ಮುಖ ಆಚೆ ತಿರುಗಿಸುತ್ತಿದ್ದರು.

ಅರ್ಬಾಬರಿಗೆ ಅಂಗಣದ ಎಲ್ಲ ಕೋವಿಗಳಲ್ಲಿ ಒಂದರ ಮೇಲೆ ಪ್ರಾಣ. ಅದು ಬೋಲ್ಟ್ ಕೋವಿ. ಉಳಿದವು ಬ್ಯಾಟರಿಯಲ್ಲಿ ಪಟಪಟ ಉದುರಿಸುವ ಜಾತಿಯವು. ಇದು ಹಾಗಲ್ಲ, ಒಂದೊಂದು ಗುಂಡಿಗೂ ಪಕ್ಕದ ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆ ಜಗ್ಗಿ, ಮುಂದಕ್ಕೆ ತಳ್ಳಬೇಕು. ಜಗ್ಗಿದಾಗ ಒಳಗಿನ ಸ್ಪ್ರಿಂಗು ಮುದುಡುತ್ತದೆ, ಅದರ ತುದಿಯ ಪಿಸ್ಟನ್ ಒಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಕೊಕ್ಕೆ ಬಿಡುತ್ತದೆ, ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಗುಂಡು ಹೋಗುತ್ತದೆ. ನಳಿಗೆಯ ಬುಡದಲ್ಲಿ ಒಂದು ಚಿಕ್ಕ ರಬ್ಬರ್ ಉಂಟು, ಅದು ಗುಂಡಿನ ನೆತ್ತಿ ಸವರಿ ಹಿಮ್ಮುಖ ತಿರುಗಿಸುವುದರಿಂದ ಗುಂಡು ಬೀಳದೆ ದೂರ ತೇಲುತ್ತದೆ. ಸೈಕಲ್ ಪಂಪು ಬಲ್ಲವನಿಗೆ ಅರ್ಥವಾಗದ್ದು ಇದರಲ್ಲಿ ಏನೂ ಇಲ್ಲ. ಆದರೆ ಅರ್ಬಾಬರಿಗೆ ವಿವರಿಸುವಾಗ ನಾನು ಇಷ್ಟು ಸುಲಭದಲ್ಲಿ ವಿವರಿಸುತ್ತಿರಲಿಲ್ಲ.

ಬೇಸಿಗೆಯ ಒಂದು ತಿಂಗಳು ಕೋವಿಯ ಜೊತೆ ಬಂದಿದ್ದ ಸಿಲಿಕೋನ್ ಎಣ್ಣೆಯ ಪುಟ್ಟ ಬಾಟಲಿ ಖಾಲಿಯಾಯಿತು. ಹೊಸದು ತರಿಸಬೇಕಿತ್ತು. ತರಿಸಬೇಕೆಂದರೆ ಒಂದು ಅರ್ಜಿ ಬರೆಯಬೇಕು, ಅರ್ಜಿ ಬರೆದರೆ ‘ಇಷ್ಟು ಬೇಗ ಮುಗಿಯಿತೇ’ ಎಂಬ ಪ್ರಶ್ನೆ ಬರುತ್ತದೆ. ನಾನು ಮನೆಯಿಂದ ತೆಂಗಿನೆಣ್ಣೆ ತಂದೆ.

ನಗಬೇಡಿ. ನಮ್ಮ ಅತ್ತೆಮನೆಯ ತೆಂಗಿನಕಾಯಿ ಒಣಗಿಸಿ, ಗಾಣದಲ್ಲಿ ಆಡಿಸಿ, ಸೋಡಾ ಬಾಟಲಿಗೆ ತುಂಬಿ, ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಸೀರೆಗಳ ನಡುವೆ ಮಲಗಿಸಿ ವಿಮಾನದಲ್ಲಿ ತಂದ ಎಣ್ಣೆ ಅದು. ನಮ್ಮ ಮನೆಯಲ್ಲಿ ತಲೆಗೆ ಅದೇ, ಬಂಗುಡೆ ಹುರಿಯಲಿಕ್ಕೆ ಅದೇ, ಸುಟ್ಟ ಗಾಯಕ್ಕೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಹೊಲಿಗೆ ಮಿಷನ್ನು, ಬೀಗ, ಕತ್ತರಿ, ಹೆಂಡತಿಯ ತಾಯಿಯ ಮೊಣಕಾಲು, ಇವೆಲ್ಲ ಅದರಿಂದ ಸರಿಯಾದದ್ದನ್ನು ನಾನು ಕಣ್ಣಾರೆ ಕಂಡವನು. ಒಂದು ಆಟದ ಕೋವಿಗೆ ಅದು ಸಾಲದೇ? ಅಂಗಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೋವಿ ಬಿಚ್ಚಿ, ಪಿಸ್ಟನ್ನಿಗೆ, ಕೊಕ್ಕೆಗೆ, ನಳಿಗೆಗೆ ಧಾರಾಳವಾಗಿ ಸವರಿದೆ. ಬೋಲ್ಟು ಬೆಣ್ಣೆಯ ಹಾಗೆ ಜಾರಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಭಾನುವಾರ ಅರ್ಬಾಬ್ ಅದೇ ಕೋವಿಯಲ್ಲಿ ಆಡಿದರು. ಗುಂಡುಗಳು ಹತ್ತು ಹೆಜ್ಜೆ ಹೋಗಿ ನೆಲ ಮುಟ್ಟುತ್ತಿದ್ದವು ಎಂದು ಈಗ ನನಗೆ ನೆನಪಾಗುತ್ತದೆ. ಆದರೆ ಆಗ ಯಾರು ನೋಡಿದರು? ಅವರು ಹೊಡೆದರು, ನಾವು ಕೈ ಎತ್ತಿದೆವು. ಕೋವಿ ಕೆಟ್ಟದ್ದು ಯಾರಿಗೂ ತಿಳಿಯಲಿಲ್ಲ, ಅದನ್ನು ಹಿಡಿದಿದ್ದವರಿಗಂತೂ ಮೊದಲೇ ಇಲ್ಲ.

ತಿಳಿದದ್ದು ಗುರುವಾರ. ಖುರುಮಿನ ಒಂದು ಆಫೀಸಿನ ದೊಡ್ಡ ತಂಡ ಬಂದಿತ್ತು. ಅವರ ಮ್ಯಾನೇಜರ್ ಬೋಲ್ಟ್ ಕೋವಿಯನ್ನೇ ಬೇಕೆಂದು ಕೇಳಿ ಪಡೆದರು. ಎಲ್ಲರನ್ನೂ ನಿಲ್ಲಿಸಿ, ಫೋಟೋ ತೆಗೆಯಲು ಹೇಳಿ, ಒಂದು ಕಣ್ಣು ಮುಚ್ಚಿ ಕುದುರೆ ಒತ್ತಿದರು. ಗುಂಡು ನಳಿಗೆಯಿಂದ ಇಣುಕಿ, ಸ್ವಲ್ಪ ಯೋಚಿಸಿ, ಅವರ ಬೂಟಿನ ಮೇಲೆ ಬಿತ್ತು. ಮತ್ತೆ ಜಗ್ಗಿದರೆ ಪಿಸ್ಟನ್ ಕೊಕ್ಕೆಗೆ ಸಿಕ್ಕಲೇ ಇಲ್ಲ. ತಂಡದ ಹೆಂಗಸೊಬ್ಬರು ಮಾತ್ರ ಮೂಗರಳಿಸಿ, ನಿಮ್ಮ ಅಂಗಣದಲ್ಲಿ ಎಷ್ಟು ಒಳ್ಳೆಯ ಪರಿಮಳ ಬರುತ್ತದೆ, ಸ್ಪಾ ಇದ್ದ ಹಾಗೆ, ಎಂದರು. ನಾನು ಅದನ್ನು ರೂಮ್ ಫ್ರೆಶ್ನರಿಗೆ ಸಂದ ಹೊಗಳಿಕೆ ಎಂದು ತೆಗೆದುಕೊಂಡೆ.

ಅರ್ಬಾಬ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. “ಮುಹಂದಿಸ್, ನೋಡು ಅದೇನು,” ಎಂದರು.

ನೋಡಿದೆ. ಮೂರು ವಾರ ನೋಡಿದೆ. ಕೋವಿಯನ್ನು ಶೆಡ್ಡಿಗೆ ಒಯ್ದು, ಒಂದು ಚಹಾ ಕುಡಿದು ಬಂದು ಜಗ್ಗಿದರೆ ಎಲ್ಲವೂ ಸರಿ. ಕೊಕ್ಕೆ ಹಿಡಿಯುತ್ತದೆ, ಪಿಸ್ಟನ್ ನುಗ್ಗುತ್ತದೆ, ಎದುರಿನ ಗೋಡೆಗೆ ತೂಗುಹಾಕಿದ ಡಬ್ಬಿ ಠಣ್ ಎನ್ನುತ್ತದೆ. ಒಳಗೆ ಒಯ್ದು ಕೊಟ್ಟರೆ ಮೊದಲ ಐದಾರು ಗುಂಡು ಚೆನ್ನಾಗಿ ಹೋಗುತ್ತವೆ, ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಬೂಟಿನ ಮೇಲೆ. ಶೆಡ್ಡಿಗೆ ತಂದರೆ ಮತ್ತೆ ಠಣ್. ದಾರಿಯುದ್ದಕ್ಕೂ ನರಳಿ, ಡಾಕ್ಟರ ಎದುರು ಮಾತ್ರ ಆರೋಗ್ಯವಾಗಿರುವ ರೋಗಿಯ ಹಾಗೆ.

ಗಾಳಿ ಸೋರುತ್ತಿದೆಯೆಂದು ಪಿಸ್ಟನ್ನಿನ ರಬ್ಬರ್ ಬಳೆ ಬದಲಿಸಿದೆ. ಘಾಲಾದ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಬಳೆಯೇ ಅಳತೆಗೆ ಸರಿಹೋಯಿತು. ಕೊಕ್ಕೆ ಸವೆದಿದೆಯೆಂದು ಭೂತಗನ್ನಡಿ ಹಿಡಿದು ನೋಡಿದೆ, ಹೊಸ ಕೊಕ್ಕೆಯ ಹಾಗೇ ಹೊಳೆಯುತ್ತಿತ್ತು. ಸ್ಪ್ರಿಂಗು ದಣಿದಿದೆಯೆಂದು ಗಟ್ಟಿ ಸ್ಪ್ರಿಂಗು ಹಾಕಿದೆ. ಅದನ್ನು ಜಗ್ಗಲು ಹೋಗಿ ಅಡುಗೆಯವನ ಭುಜ ಹಿಡಿದುಕೊಂಡು ಎರಡು ದಿನ ಚಪಾತಿ ಬರಲಿಲ್ಲ. ಮತ್ತೆ ಹಳೆಯದನ್ನೇ ಹಾಕಿದೆ. ವಿಡಿಯೋಗಳನ್ನು ನೋಡಿದೆ. ಅವುಗಳಲ್ಲಿ ಒಬ್ಬ ಬಿಳಿಯ ‘ಯಾವ ಎಣ್ಣೆ ಹಾಕಿದ್ದೀರಿ ಎಂಬುದನ್ನು ಮೊದಲು ನೋಡಿ’ ಎಂದು ಶುರುಮಾಡುತ್ತಿದ್ದ. ಎಣ್ಣೆಯ ವಿಷಯ ನನಗೆ ಕಲಿಸಲು ಬರುತ್ತಾನೆಂದು ಸಿಟ್ಟು ಬಂದು ಆ ಭಾಗ ಓಡಿಸಿ ಮುಂದಿನದು ನೋಡಿದೆ. ಒಂದು ಸಲ ಎಲ್ಲ ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದು ಸ್ಕ್ರೂ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡು ಆಚೀಚೆ ನೋಡಿದೆ.

ಪ್ರತಿ ಸಲ ಬಿಚ್ಚಿದಾಗಲೂ ಮುಚ್ಚುವ ಮೊದಲು, ಇರಲಿ ಎಂದು, ಇನ್ನೊಂದಿಷ್ಟು ತೆಂಗಿನೆಣ್ಣೆ ಬಿಡುತ್ತಿದ್ದೆ.

ಮನೆಯಲ್ಲಿ ಊಟದ ಹೊತ್ತಿಗೂ ನನ್ನದು ಅದೇ ಮಾತು. ಹನ್ನೊಂದನೇ ಕ್ಲಾಸಿನ ಮಗಳು “ಪಪ್ಪಾ, ಇಟ್ಸ್ ಜಸ್ಟ್ ಅ ಟಾಯ್,” ಎಂದಳು. ಅವಳಿಗೆ ಅದು ಆಟಿಕೆ. ನನಗೆ ಅದು ಹನ್ನೊಂದು ವರ್ಷದ ಮುಹಂದಿಸ್ ಪಟ್ಟ. ಒಂದು ಪ್ಲಾಸ್ಟಿಕ್ ಕೋವಿ ರಿಪೇರಿ ಮಾಡಲಿಕ್ಕಾಗದ ಎಂಜಿನಿಯರನ್ನು ಯಾರು ಎಂಜಿನಿಯರ್ ಎನ್ನುತ್ತಾರೆ? ರಾತ್ರಿ ನಿದ್ದೆ ಹತ್ತದೆ ಹೊರಳಾಡಿದೆ, ಅವಮಾನಕ್ಕೇ ಹೊರತು ಬೇರೇನಕ್ಕೂ ಅಲ್ಲ.

ಮೂರನೇ ವಾರ ನನ್ನ ತಲೆಗೆ ಒಂದು ತರ್ಕ ಹೊಳೆಯಿತು. ಶೆಡ್ಡಿನಲ್ಲಿ ನನ್ನ ಕೈಯಲ್ಲಿ ಸರಿಯಿರುವ ಕೋವಿ ಅಂಗಣದಲ್ಲಿ ಅರ್ಧ ಗಂಟೆಗೆ ಕೆಡುತ್ತದೆ. ಆ ಅರ್ಧ ಗಂಟೆ ಅದು ಯಾರ ಕೈಯಲ್ಲಿರುತ್ತದೆ? ಗುಂಡು ತುಂಬಿ ಗಿರಾಕಿಗೆ ಕೊಡುವವರು, ವಾಪಸು ಪಡೆದು ಗೂಡಿಗೆ ನಿಲ್ಲಿಸುವವರು ಒಬ್ಬರೇ. ಕೋವಿಯ ತಪ್ಪಲ್ಲ, ನನ್ನ ತಪ್ಪಂತೂ ಅಲ್ಲ. ಲೆಕ್ಕ ಎಷ್ಟು ಚೆಂದ ಕೂತಿತೆಂದರೆ ನನಗೆ ಹಸಿವಾಯಿತು.

ಇಂಗ್ಲಿಷಿನಲ್ಲಿ ಒಂದು ರಿಪೋರ್ಟು ಬರೆದೆ. ‘ಆಪರೇಟರ್ ಮಿಸ್‌ಹ್ಯಾಂಡ್ಲಿಂಗ್’ ಎಂಬ ಮಾತನ್ನು ಮಗಳ ಹತ್ತಿರ ಕೇಳಿ ಸ್ಪೆಲ್ಲಿಂಗ್ ಸರಿ ಮಾಡಿಕೊಂಡೆ. ಯಾರ ಹೆಸರನ್ನೂ ಬರೆಯಲಿಲ್ಲ. ಅಷ್ಟು ಸಭ್ಯತೆ ನನಗುಂಟು. ನಮ್ಮಲ್ಲಿದ್ದದ್ದು ಒಬ್ಬರೇ ಆಪರೇಟರ್ ಎಂಬುದು ಬೇರೆ ಮಾತು. ಬುಧವಾರ ಅದನ್ನು ಅರ್ಬಾಬರ ಮೇಜಿನ ಮೇಲಿಟ್ಟೆ.

ಅರ್ಬಾಬ್ ನಿಧಾನವಾಗಿ ಓದಿದರು. ಅದೇ ಮೇಜಿನ ಮೇಲೆ ಪೊರ್ಬುಗಳ ಒಂದು ಕಾಗದವೂ ಇತ್ತು. ಹೆಂಡತಿ, ಮಗಳನ್ನು ಮಸ್ಕತ್ತಿಗೆ ಕರೆಸಿಕೊಳ್ಳುವ ಅರ್ಜಿ, ಅರ್ಬಾಬರ ಸಹಿಯೊಂದು ಬಿದ್ದರೆ ಮುಂದೆ ಹೋಗುವಂಥದ್ದು. ಆರು ವರ್ಷದಿಂದ ಪೊರ್ಬು ನಾಲ್ಕು ಜನರಿರುವ ಕೋಣೆಯಲ್ಲಿ ಮೇಲಿನ ಮಂಚದಲ್ಲಿ ಮಲಗುತ್ತಿದ್ದವರು. ಅರ್ಬಾಬ್ ನನ್ನ ರಿಪೋರ್ಟನ್ನು ಮಡಚಿ, ಆ ಕಾಗದವನ್ನು ಎತ್ತಿ ಡ್ರಾಯರಿನೊಳಗೆ ಹಾಕಿದರು. “ಮುಹಂದಿಸ್ ಬರೆದಿದ್ದಾನೆ ಅಂದರೆ ಖಲಾಸ್. ಈ ಶನಿವಾರದ ತನಕ ಇರಲಿ. ಭಾನುವಾರ ಲೆಕ್ಕ ಮುಗಿಸಿ ಕಳಿಸುವ,” ಎಂದರು.

ನಾನು ಅಂದುಕೊಂಡದ್ದು ಒಂದು ಬೈಗುಳ ಸಿಗಬಹುದು ಎಂದು. ಕೆಲಸವೇ ಹೋಗುತ್ತದೆಂದು ಎಣಿಸಿರಲಿಲ್ಲ. ಬಾಯಿ ತೆರೆಯಬಹುದಿತ್ತು. ಆದರೆ ಅರ್ಬಾಬ್ ಅಷ್ಟು ಚೆನ್ನಾಗಿ ‘ಮುಹಂದಿಸ್’ ಎಂದಿದ್ದರಲ್ಲ.

ಗುರುವಾರ ಪೊರ್ಬು ಶೆಡ್ಡಿಗೆ ಬಂದರು. ಬಾಗಿಲ ಹತ್ತಿರವೇ ನಿಂತರು.

“ನನ್ನ ಬಗ್ಗೆ ಬರೆದಿದ್ದೀರಂತೆ ಅಣ್ಣ.”

“ನಿಮ್ಮ ಬಗ್ಗೆ ಅಲ್ಲ ಮಾರಾಯ್ರೆ, ಆಪರೇಟರ್ ಬಗ್ಗೆ.”

“ಹೌದು. ಆಪರೇಟರ್ ನಾನೊಬ್ಬನೇ ಅಲ್ವಾ.” ಸ್ವಲ್ಪ ಹೊತ್ತು ನನ್ನ ಮೇಜಿನ ಮೇಲಿದ್ದ ಸೋಡಾ ಬಾಟಲಿಯನ್ನೇ ನೋಡಿದರು. “ಊರಿಗೆ ಹೇಳಬೇಕು. ಅವಳು ಮಗಳ ಟಿಸಿ ತೆಗೆದಾಗಿದೆ ಶಾಲೆಯಿಂದ. ಇನ್ನು ಪುನಃ ಸೇರಿಸಿಕೊಳ್ತಾರಾ ಅಂತ ಕೇಳಬೇಕು.”

ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಆಡಲಿಲ್ಲ. ಮುಸುಕುಗಳನ್ನು ತೊಳೆಯಲಿಕ್ಕುಂಟು ಎಂದು ಹೇಳಿ ಹೋದರು. ನನಗೆ ಅವರ ಮೇಲೆ ಸಿಟ್ಟು ಬಂತು, ಯಾಕೆಂದು ಕೇಳಿದರೆ ಹೇಳಲು ಬಾರದ ಸಿಟ್ಟು.

ಮಾರನೇ ದಿನ ಶುಕ್ರವಾರ. ಅಂಗಣ ತೆರೆಯುವುದು ಜುಮ್ಮಾ ನಮಾಜು ಮುಗಿದ ಮೇಲೆ, ಹಾಗಾಗಿ ಬೆಳಿಗ್ಗೆ ನನಗೆ ಎಣ್ಣೆಸ್ನಾನ. ಬಚ್ಚಲಿನಿಂದ ಹೆಂಡತಿ ಕೂಗಿದಳು.

“ಎಣ್ಣೆ ಬಿಸಿಲಿಗಿಟ್ರಾ?”

ಪ್ರತಿ ಶುಕ್ರವಾರ ಅವಳು ಇದನ್ನೇ ಕೂಗುತ್ತಾಳೆ. ಮಸ್ಕತ್ತಿನಲ್ಲಿ ಸಂಸಾರ ಹೂಡಿದ ಮೊದಲ ವಾರದಿಂದ ನನಗೆ ಮನೆಯಲ್ಲಿ ವಹಿಸಿದ ಒಂದೇ ಒಂದು ತಾಂತ್ರಿಕ ಕೆಲಸ ಅದು. ಏಸಿಯಿರುವ ಕೋಣೆಯಲ್ಲಿ ತೆಂಗಿನೆಣ್ಣೆ ಕಲ್ಲಾಗುತ್ತದೆ. ಬಾಟಲಿಯನ್ನು ಬಾಲ್ಕನಿಯ ಬಿಸಿಲಿಗೆ ಇಡಬೇಕು, ಹತ್ತು ನಿಮಿಷಕ್ಕೆ ಕರಗುತ್ತದೆ. ಗಲ್ಫಿನಲ್ಲಿರುವ ನಮ್ಮ ಕಡೆಯ ಯಾವ ಮನೆಯಲ್ಲೂ ಇದನ್ನು ತಿಳಿಯದವರಿಲ್ಲ.

ಬಾಟಲಿ ತೆಗೆದುಕೊಂಡೆ. ಒಳಗೆ ಎಣ್ಣೆ ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು. ತಲೆಕೆಳಗು ಹಿಡಿದೆ. ಒಂದು ತೊಟ್ಟೂ ಅಲುಗಲಿಲ್ಲ.

ಅಂಗಣದ ಏಸಿ ಹದಿನೆಂಟು ಡಿಗ್ರಿ. ಗಿರಾಕಿಗಳು ಮುಸುಕಿನೊಳಗೆ ಬೆವರಬಾರದೆಂದು ಅರ್ಬಾಬ್ ಅದಕ್ಕಿಂತ ಮೇಲೆ ಇಡಲು ಬಿಡುತ್ತಿರಲಿಲ್ಲ. ಶೆಡ್ಡಿನಲ್ಲಿ ಏಸಿ ಇಲ್ಲ, ತಗಡಿನ ಮೇಲೆ ಮೊಟ್ಟೆ ಹುರಿಯಬಹುದು. ಬಾಟಲಿಯನ್ನು ಹಾಗೇ ಹಿಡಿದುಕೊಂಡು ಬಾಲ್ಕನಿಯಲ್ಲಿ ನಿಂತುಬಿಟ್ಟೆ. ನನಗೆ ನಿಜವಾಗಿ ನಾಚಿಕೆಯಾಯಿತು. ಯಂತ್ರದ ಸೂಕ್ಷ್ಮ ತಿಳಿಯದ್ದಕ್ಕಲ್ಲ, ಪ್ರತಿ ವಾರ ನನ್ನ ಕೈಯಾರೆ ಮಾಡುತ್ತಿದ್ದ ಕೆಲಸ ನನಗೆ ತಿಳಿಯದೇ ಹೋದದ್ದಕ್ಕೆ.

“ಸ್ನಾನ ಬೇಡ್ವಾ?” ಎಂದು ಅವಳು ಕೇಳುವಾಗ ನಾನು ಮೆಟ್ಟಿಲಿಳಿದಾಗಿತ್ತು.

ಅಂಗಣದಲ್ಲಿ ಪೊರ್ಬು ಒಬ್ಬರೇ ಇದ್ದರು, ಮಧ್ಯಾಹ್ನಕ್ಕೆ ಮುಸುಕುಗಳನ್ನು ಸಾಲಾಗಿ ಇಡುತ್ತಿದ್ದರು. ನಾನು ಗೂಡಿನಿಂದ ಬೋಲ್ಟ್ ಕೋವಿ ತೆಗೆದು, ಶೆಡ್ಡಿಗೆ ಹೋಗದೆ ಅಲ್ಲೇ ಏಸಿಯ ಕೆಳಗೆ ಬೆಂಚಿನ ಮೇಲೆ ಬಿಚ್ಚಿದೆ. ಮೂರು ವಾರದಲ್ಲಿ ಅದನ್ನು ತಂಪಿನಲ್ಲಿ ಬಿಚ್ಚಿದ್ದು ಅದೇ ಮೊದಲು. ಪಿಸ್ಟನ್ನಿನ ಸುತ್ತ ಬಿಳಿ ಪದರ, ತುಪ್ಪ ಹೆಪ್ಪುಗಟ್ಟಿದ ಹಾಗೆ. ಕೊಕ್ಕೆ ಅದರೊಳಗೆ ಹೂತು ಕೂತಿತ್ತು. ನಳಿಗೆಯ ಬುಡದ ರಬ್ಬರ್ ಎಣ್ಣೆ ಕುಡಿದು ಊದಿ, ಗುಂಡನ್ನು ತಿರುಗಿಸುವ ಬದಲು ಜಾರಿಸಿ ಬಿಡುತ್ತಿತ್ತು. ಇಡೀ ಅಂಗಣಕ್ಕೆ ನಮ್ಮ ಅತ್ತೆಮನೆಯ ಗಾಣದ ಪರಿಮಳ ಬಂತು.

ಪೊರ್ಬು ಹತ್ತಿರ ಬಂದು ನೋಡಿದರು. ಆಶ್ಚರ್ಯಪಡಲಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಟಿಶ್ಯೂ ಪೆಟ್ಟಿಗೆ ತಂದಿಟ್ಟರು. ಆಮೇಲೆ ಸೀಟಿ ಇಡುವ ತಮ್ಮ ಡ್ರಾಯರಿನಿಂದ ಒಂದು ಪುಟ್ಟ ಬಾಟಲಿ ಮತ್ತು ಒಂದು ಚಿಕ್ಕ ಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟರು. ಸಿಲಿಕೋನ್ ಎಣ್ಣೆ, ಸೀಲು ಒಡೆಯದ್ದು. ಪೊಟ್ಟಣದಲ್ಲಿ ಹೊಸ ರಬ್ಬರ್.

“ಇದು ಯಾವಾಗ ತಂದದ್ದು?”

“ಮೂರು ವಾರ ಆಯ್ತು.”

“ನಿಮಗೆ ಗೊತ್ತಿತ್ತಾ?”

“ಮೊದಲ ದಿನವೇ ಗೊತ್ತಾಯ್ತು ಅಣ್ಣ. ಬೋಲ್ಟ್ ಎಳೆದ ಕೂಡಲೇ ಪರಿಮಳ ಬಂತಲ್ಲ. ನಮ್ಮ ಮನೆಯಲ್ಲಿ ಸಹ ಅದೇ ಎಣ್ಣೆ ಅಲ್ವಾ.”

“ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ರೆ?” ನನ್ನ ದನಿ ಜೋರಾಯಿತು. “ಕೆಲಸ ಹೋಗ್ತದೆ ಅಂತ ಗೊತ್ತಾದ ಮೇಲಾದರೂ ಹೇಳಬಹುದಿತ್ತಲ್ಲ?”

ಪೊರ್ಬು ಟಿಶ್ಯೂವಿನಿಂದ ಪಿಸ್ಟನ್ ಒರೆಸುತ್ತಾ ತಲೆ ಎತ್ತದೆ ಹೇಳಿದರು: “ನೀವು ಕರೆಸಿದವರು. ನಿಮ್ಮ ಕೆಲಸ ಸರಿಯಿಲ್ಲ ಅಂತ ನಾನು ಹೇಗೆ ಹೇಳುದು? ನೀವು ಕೇಳಿದ್ರೆ ಕೊಡುವ ಅಂತ ತಂದಿಟ್ಟಿದ್ದೆ. ನೀವು ಕೇಳ್ಲಿಲ್ಲ.”

ಸಂಘದ ಊಟಗಳಲ್ಲಿ ತಟ್ಟೆ ಹಿಡಿದುಕೊಂಡು ನಗುತ್ತಿದ್ದ ಮುಖ ನೆನಪಾಯಿತು. ಅದು ಕೃತಜ್ಞತೆಯಲ್ಲ, ಸಹನೆ. ಇಬ್ಬರೂ ಕೂತು ಕೋವಿ ತೊಳೆದೆವು, ಒಣಗಿಸಿದೆವು, ಹೊಸ ರಬ್ಬರ್ ಕೂರಿಸಿದೆವು, ಸಿಲಿಕೋನ್ ಹನಿ ಲೆಕ್ಕ ಹಾಕಿ ಬಿಟ್ಟೆವು. ಜೇಬಿನಲ್ಲಿದ್ದ ಸ್ಕ್ರೂ ತೆಗೆದು ಕೊಟ್ಟೆ. ಅದು ಎಲ್ಲಿಯದು ಎಂದು ಅವರಿಗೆ ಗೊತ್ತಿತ್ತು. ಒಂದು ಗಂಟೆ ಏಸಿಯ ಬಾಯಿಗೆ ಇಟ್ಟು ಆಮೇಲೆ ಹೊಡೆದು ನೋಡಿದರೆ ಗುಂಡು ಅಂಗಣದ ಈ ತುದಿಯಿಂದ ಆ ತುದಿಗೆ ನೂಲು ಹಿಡಿದ ಹಾಗೆ ಹೋಯಿತು.

“ಅರ್ಬಾಬರಿಗೆ ಎಣ್ಣೆ ವಿಷಯ ಎಲ್ಲ ಹೇಳುದು ಬೇಡ,” ಎಂದರು ಪೊರ್ಬು. “ಬಳೆ ಹಾಳಾಗಿತ್ತು, ಬದಲಿಸಿದೆ ಅಂತ ಹೇಳಿ. ನಿಮ್ಮ ಮರ್ಯಾದೆ ಯಾಕೆ ಹಾಳು ಮಾಡಿಕೊಳ್ತೀರಿ.”

ಒಂದು ಕ್ಷಣ ನನಗೆ ಆ ಸಲಹೆ ಬಹಳ ರುಚಿಸಿತು ಎಂಬುದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ಇಂಗ್ಲಿಷಿನಲ್ಲಿ ವಾಕ್ಯ ಕೂಡ ಕಟ್ಟಿಕೊಂಡಿದ್ದೆ.

ನಮಾಜು ಮುಗಿಸಿ ಅರ್ಬಾಬ್ ಬಂದರು. ನಾನು ಕೋವಿಯನ್ನೂ ಸೋಡಾ ಬಾಟಲಿಯನ್ನೂ ಅವರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಗುಂಡು ನನಗೇ ತಾಗಿದ್ದು, ಹಾಗಾಗಿ ಕೈ ಎತ್ತುತ್ತಿದ್ದೇನೆ ಎಂದೆ. ನಾನು ಎಂಜಿನಿಯರ್ ಅಲ್ಲ, ಫಿಟ್ಟರ್ ಎಂದೂ ಹೇಳಿದೆ. ಅರ್ಬಾಬ್ ಬಾಟಲಿಯ ಮುಚ್ಚಳ ತೆಗೆದು ಮೂಸಿದರು, ಒಂದು ಹನಿ ಗಡ್ಡಕ್ಕೆ ಸವರಿಕೊಂಡರು. ರಿಪೋರ್ಟನ್ನು ಹರಿದು ಬುಟ್ಟಿಗೆ ಹಾಕಿ, ಡ್ರಾಯರಿನಿಂದ ಪೊರ್ಬುಗಳ ಕಾಗದ ತೆಗೆದು ನನ್ನೆದುರೇ ಸಹಿ ಹಾಕಿದರು.

“ಅವನಿಗೆ ಗೊತ್ತಿತ್ತೇ?” ಎಂದು ಕೇಳಿದರು.

“ಮೊದಲ ದಿನವೇ ಗೊತ್ತಿತ್ತಂತೆ.”

“ಹೇಳಲಿಲ್ಲ ಯಾಕೆ?”

“ಅವನನ್ನು ಕರೆಸಿದವನು ನಾನು, ಅದಕ್ಕೆ.”

ಅರ್ಬಾಬ್ ಪೆನ್ನಿನ ಮುಚ್ಚಳ ಹಾಕಿದರು. “ಅವನನ್ನು ನೀನು ಕರೆಸಿದೆ. ನಿನ್ನನ್ನು ನಾನು ಕರೆಸಿದೆ,” ಎಂದರು. “ಹಾಗಾದರೆ ನೀನು ನನಗೆ ಹೇಳದೆ ಇಟ್ಟದ್ದು ಏನೇನುಂಟು?”

ಪ್ರತಿ ಭಾನುವಾರ ನಾನು ಎತ್ತಿದ ಕೈಗಳೆಲ್ಲ ಕಣ್ಣೆದುರು ಬಂದವು.

“ಏನೂ ಇಲ್ಲ ಅರ್ಬಾಬ್,” ಎಂದೆ. “ಎಲ್ಲ ತಮಾಮ್, ಎಲ್ಲ ಸರಿ.”

ಆ ಭಾನುವಾರ ಅರ್ಬಾಬ್ ಸರಿಯಾದ ಕೋವಿ ಹಿಡಿದು ಬಂದರು. ಎಂದಿನಂತೆ ನಾವೆಲ್ಲ ಡ್ರಮ್ಮುಗಳ ಹಿಂದೆ. ಪೊರ್ಬು ಸೀಟಿ ಕಚ್ಚಿಕೊಂಡು ನಡುವೆ ನಿಂತಿದ್ದರು. ಅಂಗಿಯ ಜೇಬಿನಲ್ಲಿ ಆ ಸಹಿಯಾದ ಕಾಗದದ ನಕಲು ಮಡಚಿಟ್ಟದ್ದು ಕಾಣುತ್ತಿತ್ತು. ಅರ್ಬಾಬ್ ಬೋಲ್ಟು ಜಗ್ಗಿ, ನನ್ನ ಕಡೆ ಗುರಿಯಿಟ್ಟು ಕುದುರೆ ಒತ್ತಿದರು. ಗುಂಡು ನೇರವಾಗಿ, ವೇಗವಾಗಿ ಬಂತು, ನನ್ನಿಂದ ಒಂದು ಮಾರು ಆಚೆಗಿದ್ದ ಡ್ರಮ್ಮಿಗೆ ಬಡಿದು ಢಣ್ ಎಂದಿತು. ನನ್ನ ಕೈ ತಾನಾಗಿಯೇ ಮೇಲೆ ಹೋಯಿತು.

ಸೀಟಿ ಕೇಳಿಸಲಿಲ್ಲ. ತಿರುಗಿ ನೋಡಿದೆ. ಪೊರ್ಬು ಸೀಟಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು. ಅರ್ಬಾಬ್ ಕೋವಿ ಕೆಳಗಿಳಿಸಿ ಅವರನ್ನು ನೋಡಿದರು, ಆಮೇಲೆ ನನ್ನನ್ನು.

“ನೋ ಹಿಟ್,” ಎಂದು ಪೊರ್ಬು ಎಲ್ಲರಿಗೂ ಕೇಳುವಂತೆ ಹೇಳಿದರು. ಮತ್ತೆ ನನ್ನ ಕಡೆ ತಿರುಗಿ, ನಮ್ಮ ಊರ ಕಡೆಯ ಮಾತಿನಲ್ಲಿ, ಮೆತ್ತಗೆ ಅಂದರು: “ಕೈ ಇಳಿಸಿ ಅಣ್ಣ. ನಿಮಗೆ ತಾಗ್ಲಿಲ್ಲ.”